ಏಳನೆಯ ನಿಯಮ

ಮಕ್ಕಳು ಭಾಷಾ ಮೇಷ್ಟ್ರಿಗೆ ಇಟ್ಟಿದ್ದ ಅಡ್ಡಹೆಸರು ಅಲ್ಪವಿರಾಮ. ಇಪ್ಪತ್ತಾರು ವರ್ಷದಿಂದ ಒಂದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅವರು, ಪ್ರಬಂಧ ಎಷ್ಟೇ ಚೆನ್ನಾಗಿರಲಿ, ಎರಡು ಮಾತಿನ ನಡುವೆ ಆ ಪುಟ್ಟ ಗುರುತು ಇಲ್ಲದಿದ್ದರೆ ಅರ್ಧ ಅಂಕ ಕಡಿಯುತ್ತಿದ್ದರು. ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. ಸಿಟ್ಟು ಬಂದಿರಲಿಲ್ಲ, ಒಳಗೊಳಗೇ ಸ್ವಲ್ಪ ಖುಷಿಯೇ ಆಗಿತ್ತು.

ಅದು ಚರ್ಚಿನವರು ನಡೆಸುತ್ತಿದ್ದ ಖಾಸಗಿ ಶಾಲೆ. ಎರಡು ಮಹಡಿಯ ಕಟ್ಟಡ, ಹಿಂದೆ ಪ್ರಾರ್ಥನಾ ಮಂದಿರ, ಮಧ್ಯೆ ಕಲ್ಲು ಹಾಸಿದ ಅಂಗಳ. ಅಲ್ಲಿ ಏನೇ ಬರೆಯುವುದಿದ್ದರೂ, ವಾರ್ಷಿಕ ವರದಿಯಾಗಲಿ, ತೀರಿಕೊಂಡವರ ನೆನಪಿನ ನಾಲ್ಕು ಮಾತಾಗಲಿ, ನಲ್ಲಿ ನಿಲ್ಲಿಸಿ ಎಂಬ ಫಲಕವಾಗಲಿ, ಸುತ್ತಿ ಬಳಸಿ ಮೇಷ್ಟ್ರ ಮೇಜಿಗೇ ಬರುತ್ತಿತ್ತು. ಬಂದಾಗಲೆಲ್ಲ ಅವರು ‘ಅಯ್ಯೋ, ನಾನೇ ಆಗ್ಬೇಕಾ’ ಎಂದು ಗೊಣಗುತ್ತಿದ್ದರು. ಬಾರದಿದ್ದರೆ ಎರಡು ದಿನ ಮುಖ ಗಂಟು ಹಾಕಿಕೊಂಡಿರುತ್ತಿದ್ದರು.

ಆಡಳಿತ ಮಂಡಳಿಯ ಅಧ್ಯಕ್ಷರು ಮರದ ವ್ಯಾಪಾರಿ. ಚರ್ಚಿನ ಹಿರಿಯರಲ್ಲಿ ಒಬ್ಬರು, ಮಾತು ಕಡಿಮೆ. ಒಂದು ದಿನ ಮಧ್ಯಾಹ್ನ ಅವರೇ ಶಿಕ್ಷಕರ ಕೋಣೆಗೆ ಬಂದು ಮೇಷ್ಟ್ರ ಎದುರಿನ ಕುರ್ಚಿ ಎಳೆದು ಕೂತರು.

“ಮೇಷ್ಟ್ರೇ, ನಿಮ್ಮಿಂದ ಒಂದು ಕೆಲಸ ಆಗ್ಬೇಕಿತ್ತು. ಬೇರೆ ಬೇರೆ ಶಾಲೆಗಳಲ್ಲಿ ಈ ಗಂಡು ಹೆಣ್ಣಿನ ವಿಷಯಕ್ಕೆ ಗಲಾಟೆ ಆಗ್ತಿದೆ. ನಿಮ್ಮ ಶಾಲೆ ಏನು ಹೇಳುತ್ತೆ ಅಂತ ಪೋಷಕರು ನನ್ನ ಅಂಗಡಿಗೇ ಬಂದು ಕೇಳ್ತಿದ್ದಾರೆ. ಮದುವೆ ಅಂದ್ರೆ ಗಂಡು ಹೆಣ್ಣಿನದು ಅಂತ ನಮ್ಮ ಚರ್ಚು ನಂಬುತ್ತೆ. ಶಾಲೇಲಿರೋರು ಅದಕ್ಕೆ ತಕ್ಕ ಹಾಗೆ ನಡ್ಕೋಬೇಕು. ಇಷ್ಟನ್ನ ಗೌರವವಾಗಿ ಬರೆದುಕೊಡಿ. ಯಾರ ಮನಸ್ಸಿಗೂ ಪೆಟ್ಟು ಬೀಳಬಾರದು.”

“ಎಷ್ಟು ಉದ್ದ ಇರ್ಬೇಕು?”

“ಅರ್ಧ ಪುಟ ಸಾಕು. ನಮ್ಮ ಕೈಲಿ ಬರೆಸಿದ್ರೆ ಮರದ ಪಟ್ಟಿ ಥರ ಆಗುತ್ತೆ” ಎಂದು ಅಧ್ಯಕ್ಷರು ನಕ್ಕು ಎದ್ದರು.

ಮೇಷ್ಟ್ರು ಮೂರು ಸಂಜೆ ಕೂತು ಆರು ನಿಯಮ ಬರೆದರು. ಅಧ್ಯಕ್ಷರು ಕೇಳಿದ್ದೆಲ್ಲ ಆರರೊಳಗೇ ಮುಗಿದಿತ್ತು. ಆದರೆ ನಾಲ್ಕನೆಯ ದಿನ ಬೆಳಿಗ್ಗೆ ಮತ್ತೊಮ್ಮೆ ಓದುವಾಗ ಅವರಿಗೆ ಏನೋ ಕೊರತೆ ಕಂಡಿತು. ನಂಬುತ್ತೇವೆ, ಬಯಸುತ್ತೇವೆ, ಆಶಿಸುತ್ತೇವೆ ಎಂದು ಬರೀ ಮೃದುವಾದ ಮಾತು. ಹಲ್ಲಿಲ್ಲದ ನಿಯಮ ಎಂತಹ ನಿಯಮ ಎನಿಸಿತು. ಜೊತೆಗೆ ಆರು ಎಂಬ ಸಂಖ್ಯೆಯೂ ಯಾಕೋ ಅವರ ಕಣ್ಣಿಗೆ ಅರೆಬರೆಯಾಗಿ ಕಂಡಿತು. ಪೆನ್ನು ತೆಗೆದು ಏಳನೆಯದನ್ನು ಒಂದೇ ಉಸಿರಿಗೆ ಬರೆದರು. ‘ಮೇಲ್ಕಂಡ ನಂಬಿಕೆಗೆ ವಿರುದ್ಧವಾದ ಒಲವು ಯಾವುದೇ ವಿದ್ಯಾರ್ಥಿಯಲ್ಲಿ ಕಂಡುಬಂದರೆ, ಅದನ್ನು ಅರಿತ ಶಿಕ್ಷಕರು ಮೂರು ದಿನಗಳೊಳಗೆ ಕಚೇರಿಗೆ ಲಿಖಿತವಾಗಿ ತಿಳಿಸತಕ್ಕದ್ದು, ತಿಳಿಸದೆ ಉಳಿದವರೂ ಅಷ್ಟೇ ಹೊಣೆಗಾರರು.’

ಯಾವ ಮಗುವಿನ ಮುಖವೂ ಆಗ ಅವರ ಕಣ್ಣ ಮುಂದೆ ಇರಲಿಲ್ಲ. ಇದ್ದದ್ದು ವಾಕ್ಯ ಮಾತ್ರ. ಅದು ಚೆನ್ನಾಗಿ ಕೂತಿತು ಎಂದು ಎರಡು ಸಲ ಗಟ್ಟಿಯಾಗಿ ಓದಿಕೊಂಡರು.

“ಏಳನೇದು ನಂಗೆ ಹೊಳೆದೇ ಇರ್ಲಿಲ್ಲ ನೋಡಿ” ಎಂದರು ಅಧ್ಯಕ್ಷರು, ಕನ್ನಡಕ ಮೇಲೇರಿಸಿ. “ಸ್ವಲ್ಪ ಬಿಗಿ ಆಯ್ತಾ?”

“ನಿಯಮ ಅಂದ್ಮೇಲೆ ಬಿಗಿ ಇರ್ಬೇಕಲ್ಲ” ಎಂದರು ಮೇಷ್ಟ್ರು.

ಅಧ್ಯಕ್ಷರು ಹಾಳೆ ಮಡಿಚಿ ಜೇಬಿಗೆ ಹಾಕಿಕೊಂಡರು. ಬರಹದ ವಿಷಯದಲ್ಲಿ ಮೇಷ್ಟ್ರ ಮಾತಿಗೆ ಎದುರಾಡಿ ಅವರಿಗೆ ರೂಢಿಯಿಲ್ಲ. ಮಂಡಳಿ ಒಪ್ಪಿತು. ಹಾಳೆ ಅಚ್ಚಾಗಿ ಎಲ್ಲ ಮನೆಗಳಿಗೆ ಹೋಯಿತು, ಅಪ್ಪ ಅಮ್ಮಂದಿರ ಸಹಿ ಬಿದ್ದು ವಾಪಸ್ಸೂ ಬಂತು.

ಕೊನೆಯ ವರ್ಷದ ತರಗತಿಯಲ್ಲಿ ಹದಿನೇಳರ ಒಬ್ಬ ಹುಡುಗಿ ಇದ್ದಳು. ಅವಳ ತಾಯಿಗೆ ಶಾಲೆಯಿಂದ ಎರಡು ಬೀದಿಯಾಚೆಗಿನ ಬೇಕರಿಯಲ್ಲಿ ಕೆಲಸ, ತಂದೆ ದೂರದೂರಕ್ಕೆ ಲಾರಿ ಓಡಿಸುವವನು. ತಾಯಿಯ ಜೊತೆ ಬೆಳಿಗ್ಗೆ ಬೇಗ ಎದ್ದು ಬೇಕರಿಯಲ್ಲಿ ಒಂದು ಗಂಟೆ ಕೈಜೋಡಿಸಿ ನೇರ ಶಾಲೆಗೆ ಬರುತ್ತಿದ್ದಳು. ಬಟ್ಟೆಯೆಲ್ಲ ಬಿಸಿ ಬ್ರೆಡ್ಡಿನ ವಾಸನೆ. ತರಗತಿಯಲ್ಲಿ ಎಲ್ಲರೂ ಅವಳನ್ನು ಬನ್ನು ಎನ್ನುತ್ತಿದ್ದರು. ಅವಳ ಬರಹವೆಂದರೆ ಮೇಷ್ಟ್ರಿಗೆ ಪ್ರಾಣ. ಉಳಿದ ನೋಟ್‌ಬುಕ್ಕುಗಳನ್ನೆಲ್ಲ ತಿದ್ದಿ ಸುಸ್ತಾದ ಮೇಲೆ ಓದಲೆಂದು ಅವಳದನ್ನು ಅಡಿಯಲ್ಲಿ ಇಟ್ಟುಕೊಳ್ಳುತ್ತಿದ್ದರು.

ಆ ವರ್ಷ ಪತ್ರಲೇಖನದ ಪಾಠದಲ್ಲಿ ಅವರು ಹೊಸತೊಂದು ಕೊಟ್ಟರು. ಯಾರಿಗಾದರೂ ಒಂದು ಪತ್ರ ಬರೆಯಬೇಕು, ಆದರೆ ಅದನ್ನು ಎಂದೂ ಕಳಿಸುವುದಿಲ್ಲ. ಮಕ್ಕಳು ಮುಖ ಮುಖ ನೋಡಿಕೊಂಡರು. ಹಿಂದಿನ ಬೆಂಚಿನಿಂದ ಯಾರೋ, “ಸಾರ್, ಏನು ಬೇಕಾದ್ರೂ ಬರೀಬಹುದಾ?” ಎಂದು ಕೇಳಿದರು.

“ಮನಸ್ಸಲ್ಲಿ ಇರೋದನ್ನ ಬರೀರಿ. ಹೆದರ್ಕೋಬೇಡಿ. ಓದೋನು ನಾನೊಬ್ಬನೇ” ಎಂದರು ಮೇಷ್ಟ್ರು.

ನೋಟ್‌ಬುಕ್ಕುಗಳು ಬಂದವು. ಒಬ್ಬ ಸತ್ತುಹೋದ ನಾಯಿಗೆ ಬರೆದಿದ್ದ. ಇನ್ನೊಬ್ಬಳು ಜೋರಾಗಿ ಗೊರಕೆ ಹೊಡೆಯುವ ಅಜ್ಜನಿಗೆ ಬರೆದಿದ್ದಳು, ಮೇಷ್ಟ್ರು ಒಬ್ಬರೇ ಕೂತು ನಕ್ಕರು. ಕೊನೆಗೆ ಬೇಕರಿ ಹುಡುಗಿಯ ನೋಟ್‌ಬುಕ್ಕು ತೆರೆದರು.

‘ನೀನು ಪಕ್ಕದಲ್ಲಿ ಕೂತ ದಿನ ನನಗೆ ಲೆಕ್ಕ ಬರುವುದಿಲ್ಲ ಭೂಗೋಳ ಬರುವುದಿಲ್ಲ ಕೇಳಿದರೆ ನನ್ನ ಹೆಸರೂ ಬರುವುದಿಲ್ಲ. ಹುಡುಗರ ಬಗ್ಗೆ ಉಳಿದವರು ಹೇಳಿಕೊಳ್ಳುವುದೆಲ್ಲ ನನಗೆ ನಿನ್ನ ಬಗ್ಗೆ ಅನಿಸುತ್ತದೆ. ಇದು ತಪ್ಪಾದರೆ ತೆಗೆದುಬಿಡು ಎಂದು ದಿನಾ ಪ್ರಾರ್ಥನೆಯಲ್ಲಿ ಕೇಳುತ್ತೇನೆ. ಕಣ್ಣು ಬಿಟ್ಟರೆ ಮುಂದಿನ ಸಾಲಿನಲ್ಲಿ ನಿನ್ನ ಜಡೆ.’

ಹೆಸರು ಎಲ್ಲೂ ಇರಲಿಲ್ಲ. ಒಂದೂವರೆ ಪುಟ. ಓದಿ ಮುಗಿಸುವಷ್ಟರಲ್ಲಿ ಮೇಷ್ಟ್ರ ಕೈ ತಾನಾಗಿಯೇ ಎರಡು ಕಡೆ ಕೆಂಪು ಶಾಯಿಯಲ್ಲಿ ಅಲ್ಪವಿರಾಮ ಹಾಕಿಬಿಟ್ಟಿತ್ತು. ಓದಿಲ್ಲ ಎಂದು ಹೇಳುವ ದಾರಿ ಅಲ್ಲಿಗೆ ಮುಚ್ಚಿತು.

ಮೊದಲ ದಿನ ನೋಟ್‌ಬುಕ್ಕನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದರು. ಮೇಷ್ಟ್ರ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವರು, ಶಾಲೆಯ ಅರ್ಧದಷ್ಟು ಸಮವಸ್ತ್ರ ಅವರ ಮಷಿನ್ನಿನಿಂದಲೇ ಬರುತ್ತಿತ್ತು. ಗಂಡನ ಮುಖ ನೋಡಿ, “ಏನ್ರೀ, ಯಾರಾದ್ರೂ ಏನಾದ್ರೂ ಅಂದ್ರಾ?” ಎಂದು ಕೇಳಿದರು. “ಏನಿಲ್ಲ, ತಲೆ ಸ್ವಲ್ಪ ಭಾರ” ಎಂದರು ಮೇಷ್ಟ್ರು.

ಎರಡನೆಯ ದಿನ ಆ ಹಾಳೆಯನ್ನು ಹರಿದುಬಿಡೋಣವೆಂದು ಪುಟ ಹಿಡಿದರು. ಪುಟಗಳಿಗೆ ಅಚ್ಚಿನ ಸಂಖ್ಯೆ ಇತ್ತು. ಪ್ರತಿ ತಿಂಗಳ ಕೊನೆಗೆ ಶಾಲೆಯ ಮುಖ್ಯಸ್ಥೆ ಹೆಡ್ ಮಿಸ್ ಎಲ್ಲ ನೋಟ್‌ಬುಕ್ಕು ತರಿಸಿಕೊಂಡು ಪುಟ ಪುಟಕ್ಕೆ ಸಹಿ ಹಾಕುತ್ತಿದ್ದರು. ಓದುವವನು ನಾನೊಬ್ಬನೇ ಎಂದಾಗ ಅದು ಮೇಷ್ಟ್ರ ನೆನಪಿಗೆ ಬಂದಿರಲಿಲ್ಲ. ತಿಂಗಳು ಮುಗಿಯಲು ಐದೇ ದಿನ. ಪುಟ ಕಾಣೆಯಾದರೆ ಪ್ರಶ್ನೆ ಬರುತ್ತದೆ, ಇದ್ದರೆ ಇನ್ನೂ ದೊಡ್ಡ ಪ್ರಶ್ನೆ. ಹುಡುಗಿಯನ್ನು ಕರೆದು, ‘ಈ ಪುಸ್ತಕ ಕಳೆದುಹೋಯಿತು ಅನ್ನು, ಹೊಸದು ತಾ’ ಎಂದು ಹೇಳಬಹುದಿತ್ತು. ಆ ಉಪಾಯ ಅವರಿಗೆ ಹೊಳೆಯಿತು ಕೂಡ. ಹೊಳೆದದ್ದನ್ನು ಅವರಿಗೆ ಆಮೇಲೆ ಎಂದೂ ಮರೆಯಲಾಗಲಿಲ್ಲ. ಆದರೆ ತಿಳಿಸದೆ ಉಳಿದವರೂ ಅಷ್ಟೇ ಹೊಣೆಗಾರರು ಎಂಬ ಸಾಲು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ನಿವೃತ್ತಿಗೆ ಇನ್ನು ನಾಲ್ಕೇ ವರ್ಷ ಎಂಬುದೂ ಮನಸ್ಸಿನ ಮೂಲೆಯಲ್ಲಿ ಕೂತಿತ್ತು.

ಮೂರನೆಯ ದಿನ ಅವರು ಹೆಡ್ ಮಿಸ್ಸಿಗೆ ವರದಿ ಬರೆದರು. ಮೊದಲು ಬರೆದದ್ದು ಒರಟಾಯಿತೆನಿಸಿ, ಹರಿದು, ಇನ್ನೊಮ್ಮೆ ಚೊಕ್ಕವಾಗಿ ಬರೆದರು. ನೋಟ್‌ಬುಕ್ಕನ್ನು ಅದರ ಜೊತೆಗಿಟ್ಟು ಕಚೇರಿಯ ಮೇಜಿನ ಮೇಲೆ ಇಟ್ಟು ಬಂದರು.

ಮರುದಿನ ಹನ್ನೊಂದು ಗಂಟೆಗೆ ಹೆಡ್ ಮಿಸ್ಸಿನ ಕೋಣೆಗೆ ಅವರಿಗೂ ಕರೆ ಬಂತು. ತಾಯಿ ಬೇಕರಿಯಿಂದ ನೇರ ಬಂದಿದ್ದಳು. ತೋಳಿಗೆಲ್ಲ ಹಿಟ್ಟು ಮೆತ್ತಿತ್ತು, ಕುರ್ಚಿಗೆ ಹತ್ತೀತೆಂದು ತುದಿಯಲ್ಲಿ ಕೂತಿದ್ದಳು. ಹುಡುಗಿ ಅವಳ ಹಿಂದೆ ನಿಂತಿದ್ದಳು. ಹೆಡ್ ಮಿಸ್ ಕೆಟ್ಟವರಲ್ಲ, ದನಿ ಏರಿಸಲಿಲ್ಲ.

“ಈ ಪತ್ರ ಯಾರಿಗೆ ಬರೆದಿದ್ದು ಮಗೂ?”

“ಯಾರಿಗೂ ಕಳಿಸಿಲ್ಲ ಮಿಸ್.”

“ಯಾರಿಗೆ ಅಂತ ಕೇಳಿದೆ.”

“ಅವಳಿಗೆ ಗೊತ್ತೇ ಇಲ್ಲ. ಅವಳ ಹೆಸರು ಯಾಕೆ ಬೇಕು?”

ಹೆಡ್ ಮಿಸ್ ಮೂರು ಮಾತು ಹೇಳಿದರು. ಹೆಸರು ಹೇಳಬೇಕು, ತಪ್ಪಾಯಿತೆಂದು ಬರೆದುಕೊಡಬೇಕು, ವಾರಕ್ಕೊಮ್ಮೆ ಪಾಸ್ಟರ್ ಹತ್ತಿರ ಹೋಗಿ ಮಾತಾಡಿ ಬರಬೇಕು. ಅಲ್ಲಿಯವರೆಗೆ ಅವಳು ಬೇರೆ ಬೆಂಚಿನಲ್ಲಿ ಕೂರಬೇಕು.

“ಪಾಸ್ಟರ್ ಹತ್ರ ಹೋಗ್ತೀನಿ” ಎಂದಳು ಹುಡುಗಿ. “ಹೆಸರು ಹೇಳಲ್ಲ.”

“ಹಾಗಾದ್ರೆ ನಮ್ಮ ಕೈ ಕಟ್ಟಿದೆ. ನಿಯಮ ಇದೆ.”

ಹುಡುಗಿ ಆಗ ಮೇಷ್ಟ್ರ ಕಡೆ ತಿರುಗಿದಳು. ಅವಳು ಅತ್ತಿರಲಿಲ್ಲ. ಲೆಕ್ಕ ಎಲ್ಲಿ ತಪ್ಪಿತೆಂದು ಹುಡುಕುವವಳ ಹಾಗೆ ಹಣೆ ಸುಕ್ಕು ಮಾಡಿಕೊಂಡಿದ್ದಳು.

“ಸಾರ್, ನೀವೊಬ್ರೇ ಓದೋದು ಅಂದಿದ್ರಿ.”

ಕಿಟಕಿಯಾಚೆ ಸಣ್ಣ ತರಗತಿಯವರು ಮಗ್ಗಿ ಹೇಳುತ್ತಿದ್ದರು. ಮೇಷ್ಟ್ರು ಅದನ್ನೇ ಕೇಳಿಸಿಕೊಳ್ಳುತ್ತಿರುವವರಂತೆ ತಲೆ ತಗ್ಗಿಸಿ ಕೂತರು. ತಾಯಿ ಎದ್ದು, ಕುರ್ಚಿಯ ಮೇಲೆ ಬಿದ್ದಿದ್ದ ಹಿಟ್ಟನ್ನು ಅಂಗೈಯಿಂದ ಒರೆಸಿ, “ಬಾ ಮಗಳೇ” ಎಂದಳು. ಅಂದು ಹೋದವಳು ಮತ್ತೆ ತರಗತಿಗೆ ಬರಲಿಲ್ಲ. ವಾರದೊಳಗೆ ತಾಯಿ ಬಂದು ಟಿ.ಸಿ. ತೆಗೆದುಕೊಂಡು ಹೋದಳು. ಕೊನೆಯ ಪರೀಕ್ಷೆಗೆ ಎರಡು ತಿಂಗಳು ಉಳಿದಿತ್ತು.

ಇಂಥ ಸುದ್ದಿ ಮುಚ್ಚಿಟ್ಟರೂ ನಿಲ್ಲುವುದಿಲ್ಲ. ಯಾರಿಗೆ ಬರೆದ ಪತ್ರ ಎಂದು ಊಹಿಸಲು ಹೋಗಿ ತರಗತಿಯ ನಾಲ್ಕೈದು ಹೆಣ್ಣುಮಕ್ಕಳ ಮೇಲೆ ಗುಸುಗುಸು ಹುಟ್ಟಿತು. ಪೋಷಕರಲ್ಲಿ ಎರಡು ಪಾಳಯವಾಯಿತು. ಕೊನೆಗೆ ಒಂದು ಶನಿವಾರ ಮಧ್ಯಾಹ್ನ ಪ್ರಾರ್ಥನಾ ಮಂದಿರದಲ್ಲಿ ಸಭೆ ಕರೆದರು. ನಡಾವಳಿ ಬರೆಯುವ ಕೆಲಸ, ಯಾವಾಗಲೂ ಇದ್ದ ಹಾಗೆ, ಮೇಷ್ಟ್ರದೇ. ವೇದಿಕೆಯ ಪಕ್ಕದ ಸಣ್ಣ ಮೇಜಿನಲ್ಲಿ ದಪ್ಪ ಪುಸ್ತಕ ತೆರೆದಿಟ್ಟುಕೊಂಡು ಕೂತರು.

ಮೊದಲು ಹಲ್ಲಿನ ಡಾಕ್ಟರ್ ಎದ್ದರು, ಇಬ್ಬರು ಮಕ್ಕಳ ತಾಯಿ. “ನಂಬಿಕೆ ನಿಮ್ಮದು, ಅದರ ಬಗ್ಗೆ ನಾನು ಜಗಳ ಮಾಡಲ್ಲ. ಆದ್ರೆ ಮಗು ಪಾಠಕ್ಕೆ ಅಂತ ಬರೆದಿದ್ದನ್ನ ದೂರಿನ ಕಾಗದ ಮಾಡೋದು ಎಲ್ಲಿಯ ನ್ಯಾಯ?”

ವಿಮೆ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬ ತಂದೆ ಎದ್ದು ನಿಂತ. “ನಾವು ಈ ಶಾಲೆ ಹುಡುಕ್ಕೊಂಡು ಬಂದಿದ್ದೇ ನಂಬಿಕೆಗೋಸ್ಕರ. ಎಲ್ಲರ ಹಾಗೆ ಆಗೋದಾದ್ರೆ ಇದು ಯಾಕೆ ಬೇಕಿತ್ತು? ನಿಯಮಕ್ಕೆ ಆ ತಾಯೀನೂ ಸಹಿ ಹಾಕಿದ್ದಾಳೆ.”

“ಸಹಿ ಹಾಕಿದ್ದು ಮದುವೆ ಬಗ್ಗೆ ರೀ, ಬೇಹುಗಾರಿಕೆಗಲ್ಲ.”

“ಮಗು ದಾರಿ ತಪ್ಪಿದ್ರೆ ಹೇಳೋದು ಬೇಹುಗಾರಿಕೆನಾ?”

ಗದ್ದಲವೆದ್ದಿತು. ವಯಸ್ಸಾದ ಪಾಸ್ಟರ್ ಕೋಲೂರಿ ಎದ್ದಾಗ ಕಡಿಮೆಯಾಯಿತು. “ಮದುವೆ ಬಗ್ಗೆ ಚರ್ಚು ಹೇಳೋದನ್ನೇ ನಾನೂ ಹೇಳ್ತೀನಿ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನನ್ನತ್ರ ಬಂದು ಮನಸ್ಸು ಬಿಚ್ಚಿದೋರ ಮಾತನ್ನ ನಾನು ನನ್ನ ಹೆಂಡತಿಗೂ ಹೇಳೋ ಹಾಗಿಲ್ಲ. ಒಬ್ಬ ಮೇಷ್ಟ್ರಿಗೆ ಮಗು ಹೇಳಿದ್ದು ಅದಕ್ಕಿಂತ ಅಗ್ಗನಾ? ಈ ಏಳನೇ ನಿಯಮ ಯಾರ ತಲೇಲಿ ಹುಟ್ಟಿತು ಅಂತ ನಂಗೆ ಗೊತ್ತಾಗ್ಬೇಕು.”

“ಅದೇ ನಾವೂ ಕೇಳ್ತಿರೋದು” ಎಂದು ಹಿಂದಿನಿಂದ ಯಾರೋ ಕೂಗಿದರು. “ಅಧ್ಯಕ್ಷರು ಹೇಳ್ಲಿ.”

ಮೇಷ್ಟ್ರ ಪೆನ್ನು ನಿಂತಿತು. ಅಧ್ಯಕ್ಷರು ಎದ್ದರು. ಒಮ್ಮೆಯೂ ಸಣ್ಣ ಮೇಜಿನ ಕಡೆ ನೋಡಲಿಲ್ಲ.

“ಮಂಡಳಿ ಒಪ್ಪಿದೆ, ನಾನು ಸಹಿ ಹಾಕಿದ್ದೀನಿ. ಹೊಣೆ ನಂದು. ಯಾರು ಬರೆದರು ಅಂತ ಕೇಳ್ಬೇಡಿ.”

“ಮರ ಕೊಯ್ಯೋ ಕೈಗೆ ಮಕ್ಕಳನ್ನ ಕೊಟ್ರೆ ಹೀಗೇ ಆಗೋದು” ಎಂದು ಒಬ್ಬ ತಂದೆ ಗಟ್ಟಿಯಾಗಿಯೇ ಅಂದ. ಕೆಲವರು ನಕ್ಕರು. ಅಧ್ಯಕ್ಷರ ಕಿವಿ ಕೆಂಪಾಯಿತು, ಆದರೆ ಅವರು ನಿಂತೇ ಇದ್ದರು. ಏಳುವುದು ಮೇಷ್ಟ್ರಿಗೆ ಆಗ ಎಷ್ಟು ಸುಲಭವಿತ್ತು. ಮೂರು ಹೆಜ್ಜೆ. ಆದರೆ ಕೈ ಪುಸ್ತಕದಲ್ಲಿ ಬರೆಯಿತು: ‘ಅಧ್ಯಕ್ಷರು ಸಂಪೂರ್ಣ ಹೊಣೆಯನ್ನು ತಾವೇ ಹೊತ್ತರು.’

ಏನೂ ತೀರ್ಮಾನವಾಗದೆ ಸಭೆಯನ್ನು ಮುಂದಿನ ಶನಿವಾರಕ್ಕೆ ಹಾಕಿದರು. ಹೊರಗೆ ಅಂಗಳದಲ್ಲಿ ಅಧ್ಯಕ್ಷರು ಸಿಕ್ಕಾಗ ಮೇಷ್ಟ್ರು, “ನೀವು ನನ್ನ ಹೆಸರು ಹೇಳ್ಬಹುದಿತ್ತು” ಎಂದರು.

“ಬರೆದುಕೊಡಿ ಅಂತ ಕೇಳಿದ್ದು ನಾನು ಮೇಷ್ಟ್ರೇ. ಬಿಗಿ ಆಯ್ತು ಅಂತ ಅನ್ನಿಸ್ತು ನಂಗೆ, ಆದ್ರೂ ಸುಮ್ಮನಾದೆ. ಅದು ನಂದೇ ತಪ್ಪು” ಎಂದು ಹೇಳಿ ಅವರು ತಮ್ಮ ಹಳೆಯ ವ್ಯಾನು ಹತ್ತಿದರು. ಒಂದು ಬೈಗುಳ ಬಿದ್ದಿದ್ದರೂ ಮೇಷ್ಟ್ರಿಗೆ ಅಷ್ಟು ನೋವಾಗುತ್ತಿರಲಿಲ್ಲ.

ಮನೆಯಲ್ಲಿ ಅಂದು ಸಂಜೆ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದರು. ಆಕೆ ಸಣ್ಣ ಹುಡುಗಿಯೊಬ್ಬಳ ಸಮವಸ್ತ್ರಕ್ಕೆ ಅಂಚು ಮಡಿಸುತ್ತಿದ್ದರು. ಕೇಳುತ್ತಾ ಕೇಳುತ್ತಾ ಕೈ ನಿಂತಿತು.

“ಅಂದ್ರೆ ಆ ಏಳನೇದನ್ನ ಯಾರೂ ಕೇಳಿರ್ಲಿಲ್ಲ?”

“ಇಲ್ಲ.”

“ಮತ್ತೆ ಯಾಕೆ ಬರೆದ್ರಿ?”

“ಚೆನ್ನಾಗಿ ಕೂತಿತ್ತು” ಎಂದರು ಮೇಷ್ಟ್ರು.

ಆಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಗಂಡನನ್ನೇ ನೋಡಿದರು. “ಆ ಮಗೂಗೆ ಮೂರು ವರ್ಷದ ಹಿಂದೆ ನಾನೇ ಅಳತೆ ತಗೊಂಡಿದ್ದೆ. ಕಚಗುಳಿ ಅಂತ ನಕ್ಕು ನಕ್ಕು ನಿಲ್ಲೋದಕ್ಕೇ ಬಿಡ್ತಿರ್ಲಿಲ್ಲ.” ಮತ್ತೆ ಬಟ್ಟೆ ಕೈಗೆತ್ತಿಕೊಂಡು ಅಂದರು, “ನನ್ನ ಮುಂದೆ ಹೇಳಿ ಹಗುರ ಆಗ್ಬೇಡಿ. ಹೇಳ್ಬೇಕಾದೋರು ಬೇರೆ ಇದ್ದಾರೆ.”

ಸೋಮವಾರ ಮೇಷ್ಟ್ರು ಹೆಡ್ ಮಿಸ್ಸಿನ ಕೋಣೆಗೆ ಹೋಗಿ ಆ ನೋಟ್‌ಬುಕ್ಕು ವಾಪಸ್ಸು ಬೇಕೆಂದರು.

“ಅದು ಫೈಲಲ್ಲಿದೆ ಮೇಷ್ಟ್ರೇ. ದಾಖಲೆ.”

“ಅದು ಒಂದು ಮಗುವಿನ ನೋಟ್‌ಬುಕ್ಕು ಮಿಸ್. ಮಗು ಈಗ ನಮ್ಮದಲ್ಲ. ನನ್ನ ವರದಿ ಇಟ್ಕೊಳ್ಳಿ, ಅದು ನಂದು.”

ಹೆಡ್ ಮಿಸ್ ಎದ್ದು, ಕಪಾಟಿನ ಬೀಗ ತೆಗೆದು ಅದನ್ನು ಕೊಟ್ಟರು. “ಇದನ್ನ ಮೊದಲೇ ಮಾಡಿದ್ರೆ ನಂಗೂ ಒಳ್ಳೇದಿತ್ತು” ಎಂದಷ್ಟೇ ಅಂದರು.

ಬೇಕರಿಯ ಹಿಂಬಾಗಿಲಿನಲ್ಲಿ ತಾಯಿ ಖಾಲಿ ತಟ್ಟೆಗಳನ್ನು ತೊಳೆದು ಒರಗಿಸುತ್ತಿದ್ದಳು. ಮೇಷ್ಟ್ರನ್ನು ನೋಡಿ ಕೈ ಒರೆಸಿಕೊಂಡಳು. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಅವರು ನೋಟ್‌ಬುಕ್ಕು ಚಾಚಿದರು.

“ಆ ನಿಯಮ ಅಧ್ಯಕ್ಷರು ಬರೆದಿದ್ದಲ್ಲಮ್ಮ. ನಾನು ಬರೆದಿದ್ದು. ನಿಮ್ಮ ಮಗಳ ಬಗ್ಗೆ ತಿಳಿಸಿದ್ದೂ ನಾನೇ.”

“ಎರಡನೇದು ಗೊತ್ತಿತ್ತು” ಎಂದಳು ತಾಯಿ. ನೋಟ್‌ಬುಕ್ಕು ತೆಗೆದುಕೊಂಡಳು, ತೆರೆಯಲಿಲ್ಲ. “ನಂಗೆ ಇದೆಲ್ಲ ಅರ್ಥ ಆಗಲ್ಲ ಸಾರ್. ಸರಿನೋ ತಪ್ಪೋ, ನಾನೂ ದಿನಾ ದೇವರನ್ನ ಕೇಳ್ತಿದ್ದೀನಿ. ಅವಳಪ್ಪಂಗೆ ಇನ್ನೂ ಪೂರ್ತಿ ಹೇಳಿಲ್ಲ. ಆದ್ರೆ ಒಂದು ಮಾತು. ಅವಳು ಇದನ್ನ ನನ್ನತ್ರ ಹೇಳಿರ್ಲಿಲ್ಲ. ಹೆತ್ತೋಳತ್ರ ಹೇಳಿರ್ಲಿಲ್ಲ. ನಿಮಗೆ ಬರೆದಿದ್ಳು.”

ಒಳಗಿನಿಂದ ಯಾರೋ ಅವಳನ್ನು ಕರೆದರು. ಅವಳು ನೋಟ್‌ಬುಕ್ಕನ್ನು ಏಪ್ರನ್ನಿನ ಒಳಗೆ ಸೇರಿಸಿಕೊಂಡು ಹೋದಳು. ತೊಳೆದ ತಟ್ಟೆಗಳಿಂದ ನೀರು ಸೋರಿ ಮೇಷ್ಟ್ರ ಚಪ್ಪಲಿಯವರೆಗೆ ಬಂತು. ಅವರಿಗೆ ಅದು ತಿಳಿದದ್ದು ಮನೆಗೆ ಬಂದ ಮೇಲೆ.

ಮುಂದಿನ ಶನಿವಾರದ ಸಭೆಗೆ ಮೊದಲ ಸಲಕ್ಕಿಂತ ಹೆಚ್ಚು ಜನ ಬಂದಿದ್ದರು. ಪದ್ಧತಿಯಂತೆ ಹಿಂದಿನ ಸಭೆಯ ನಡಾವಳಿ ಓದಬೇಕು. ಮೇಷ್ಟ್ರು ಎದ್ದು ಓದುತ್ತಾ ಬಂದರು. ಅಧ್ಯಕ್ಷರು ಸಂಪೂರ್ಣ ಹೊಣೆಯನ್ನು ತಾವೇ ಹೊತ್ತರು ಎಂಬಲ್ಲಿಗೆ ಬಂದಾಗ ನಿಲ್ಲಿಸಿ ಪುಸ್ತಕ ಮುಚ್ಚಿದರು.

“ಇದು ಸುಳ್ಳಲ್ಲ, ಆದ್ರೆ ಪೂರ್ತಿ ನಿಜವೂ ಅಲ್ಲ. ಅಧ್ಯಕ್ಷರು ನನ್ನನ್ನ ಕೇಳಿದ್ದು ಅರ್ಧ ಪುಟ. ಯಾರ ಮನಸ್ಸಿಗೂ ಪೆಟ್ಟು ಬೀಳಬಾರದು ಅಂದಿದ್ರು. ಏಳನೇ ನಿಯಮ ಯಾರೂ ಕೇಳಿರ್ಲಿಲ್ಲ. ನಾನೇ ಸೇರಿಸಿದೆ. ನಂಬಿಕೆಗಾಗಿ ಸೇರಿಸಿದೆ ಅಂತ ಹೇಳೋಣ ಅಂದ್ರೆ ಅದೂ ಅಲ್ಲ. ಬರವಣಿಗೆ ಚೆನ್ನಾಗಿ ಕಾಣ್ಲಿ ಅಂತ ಸೇರಿಸಿದೆ. ಆಮೇಲೆ ಆ ಹುಡುಗಿ ಬರೆದಿದ್ದನ್ನ ನಾನೊಬ್ಬನೇ ಓದ್ತೀನಿ ಅಂತ ಮಾತು ಕೊಟ್ಟು, ನನ್ನ ಕೆಲಸ ಉಳಿಸ್ಕೊಳ್ಳೋದಕ್ಕೆ ಕಚೇರಿಗೆ ಕೊಟ್ಟೆ. ಕಳೆದ ವಾರ ಇದೇ ಮೇಜಲ್ಲಿ ಕೂತಿದ್ದೆ. ಇನ್ನೊಬ್ಬರು ಬೈಸ್ಕೊಳ್ಳೋದನ್ನ ನೋಡ್ಕೊಂಡು ಬರ್ಕೊಂಡೆ.”

ಮೊದಲು ಮಾತಾಡಿದ್ದು ವಿಮೆ ಕಂಪನಿಯ ತಂದೆ. “ಬರೆದಿದ್ದು ಯಾರಾದ್ರೇನು ಸಾರ್, ನಿಯಮ ಸರಿಯಾಗಿಯೇ ಇದೆ” ಎಂದ. ಹಲ್ಲಿನ ಡಾಕ್ಟರ್, “ಮೇಷ್ಟ್ರೇ, ನನ್ನ ಮಗಳೂ ನಿಮ್ಮ ಪಾಠದಲ್ಲಿ ಪತ್ರ ಬರೆದಿದ್ಳು” ಎಂದು ಮಾತ್ರ ಹೇಳಿ ಕೂತುಬಿಟ್ಟರು. ಆ ದನಿಯಲ್ಲಿ ಸಿಟ್ಟು ಇರಲಿಲ್ಲ, ಬರೀ ಅನುಮಾನ ಇತ್ತು. ಮೇಷ್ಟ್ರಿಗೆ ಅದು ಸಿಟ್ಟಿಗಿಂತ ಆಳಕ್ಕೆ ಇಳಿಯಿತು.

ಎರಡು ಗಂಟೆ ಚರ್ಚೆಯಾಯಿತು. ಕೊನೆಗೆ ಏಳನೆಯ ನಿಯಮವನ್ನು ಕೈಬಿಡಬೇಕೆಂದು ಪಾಸ್ಟರ್ ಸೂಚಿಸಿದರು, ಅಧ್ಯಕ್ಷರು ಬೆಂಬಲಿಸಿದರು. ಕೈ ಎತ್ತಿಸಿದಾಗ ಬಿಡಬೇಕೆನ್ನುವವರ ಕಡೆ ಹದಿಮೂರು ಕೈ ಹೆಚ್ಚು ಬಂದವು. ಉಳಿದ ಆರು ನಿಯಮ ಹಾಗೆಯೇ ನಿಂತವು. ಯಾರಿಗೂ ಪೂರ್ತಿ ಸಮಾಧಾನವಾಗಲಿಲ್ಲ. ಆರು ಉಳಿದವೆಂದು ಡಾಕ್ಟರ್ ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು, ಏಳನೆಯದು ಹೋಯಿತೆಂದು ವಿಮೆಯವನು ತನ್ನ ಮಗನನ್ನು ಬಿಡಿಸಿದ. ಹುಡುಗಿ ಮರಳಿ ಬರಬಹುದೆಂದು ಶಾಲೆ ಪತ್ರ ಕಳಿಸಿತು. ಅದನ್ನು ಬರೆಯಲು ಮೇಷ್ಟ್ರನ್ನು ಯಾರೂ ಕೇಳಲಿಲ್ಲ, ಹೆಡ್ ಮಿಸ್ ತಾವೇ ಬರೆದರು. ಬೇಕರಿಯಿಂದ ಉತ್ತರ ಬರಲಿಲ್ಲ. ಹುಡುಗಿ ಸೇತುವೆಯಾಚೆಯ ಸರ್ಕಾರಿ ಶಾಲೆಯಿಂದ ಪರೀಕ್ಷೆಗೆ ಕೂತು ಪಾಸಾದಳು. ಎಲ್ಲದರಲ್ಲೂ ಒಳ್ಳೆಯ ಅಂಕ, ಭಾಷೆಯಲ್ಲಿ ಮಾತ್ರ ಸಾಧಾರಣ. ಫಲಿತಾಂಶದ ಪಟ್ಟಿಯಲ್ಲಿ ಆ ಅಂಕವನ್ನು ಮೇಷ್ಟ್ರು ಬೆರಳಿಟ್ಟು ಎರಡು ಸಲ ನೋಡಿದರು.

ಮೇಷ್ಟ್ರ ಕೆಲಸ ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತೇನೋ ಎಂದು ಅವರಿಗೆ ಅನೇಕ ಸಲ ಅನಿಸಿತು. ಪತ್ರಲೇಖನ ಈಗಲೂ ಕಲಿಸುತ್ತಿದ್ದರು, ರಜೆ ಕೇಳುವ ಅರ್ಜಿ, ಪುಸ್ತಕದಂಗಡಿಗೆ ಬೇಡಿಕೆ, ಅಷ್ಟೇ. ಮಕ್ಕಳು ಚೆನ್ನಾಗಿಯೇ ಬರೆಯುತ್ತಿದ್ದರು. ಯಾರೂ ಏನೂ ಹೇಳಿಕೊಳ್ಳುತ್ತಿರಲಿಲ್ಲ.

ಒಂದು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಆ ಬೇಕರಿಯ ಮುಂಬಾಗಿಲಿನಿಂದ ಒಳಗೆ ಹೋದರು. ಗಲ್ಲಾದಲ್ಲಿ ಹುಡುಗಿಯೇ ಇದ್ದಳು. ಕೂದಲು ಗಿಡ್ಡ ಮಾಡಿಸಿದ್ದಳು. ಮಧ್ಯಾಹ್ನ ಕನ್ನಡಕ ತಯಾರಿಸುವ ಕೋರ್ಸಿಗೆ ಹೋಗುತ್ತಿದ್ದೇನೆಂದು, ಕೇಳಿದ್ದಕ್ಕೆ ಹೇಳಿದಳು. ಕಾಯುತ್ತಿದ್ದ ಹೆಂಗಸೊಬ್ಬಳು ಹೋಗುವವರೆಗೆ ಮೇಷ್ಟ್ರು ಪಕ್ಕಕ್ಕೆ ಸರಿದು ನಿಂತರು.

“ನಿನ್ನತ್ರ ಒಂದು ಮಾತು ಹೇಳ್ಬೇಕಿತ್ತು ಮಗೂ.”

“ಅಮ್ಮ ಹೇಳಿದ್ಳು ಸಾರ್. ಸಭೇಲಿ ಎಲ್ಲರ ಮುಂದೆ ಹೇಳಿದ್ರಂತೆ.”

“ಹೂಂ. ಅದು ನಿಂಗೆ ಹೇಳಿದ ಹಾಗಾಗಲ್ಲ. ತಪ್ಪು ಮಾಡ್ದೆ.”

ಅವಳು ತೂಕದ ತಟ್ಟೆಯನ್ನು ಬಟ್ಟೆಯಿಂದ ಒರೆಸಿದಳು. “ನೀವು ಬರದೇ ಇದ್ದಿದ್ರೆ ನಂಗೆ ಬೇಜಾರಾಗ್ತಿತ್ತು ಸಾರ್, ಬಂದಿದ್ದೀರಿ. ಆದ್ರೆ ಪರವಾಗಿಲ್ಲ ಅಂತ ಹೇಳೋಕೆ ಬರ್ತಿಲ್ಲ. ಈಗ್ಲೂ ಏನಾದ್ರೂ ಬರೆಯೋಣ ಅಂತ ಕೂತ್ರೆ ಹಿಂದೆ ಯಾರೋ ನಿಂತು ಓದ್ತಿದ್ದಾರೆ ಅನ್ಸುತ್ತೆ. ಪರೀಕ್ಷೇಲೂ ಹಾಗೇ ಆಯ್ತು. ನಿಮಗೆ ಸುಳ್ಳು ಹೇಳ್ಬಾರ್ದು ಅಂತ ಹೇಳ್ತಿದ್ದೀನಿ.”

“ಸರಿ” ಎಂದರು ಮೇಷ್ಟ್ರು.

“ಬ್ರೆಡ್ ಕೊಡ್ಲಾ? ಈಗಷ್ಟೇ ಇಳಿಸಿದ್ದು.”

ಅವಳು ಕಾಗದದಲ್ಲಿ ಸುತ್ತಿ ಕೊಟ್ಟಳು. ಹಿಂದೆ ಇನ್ನೊಬ್ಬ ಗಿರಾಕಿ ಬಂದು ನಿಂತಿದ್ದ. ಮೇಷ್ಟ್ರು ಬಿಸಿ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದರು.

ಮನೆಯಲ್ಲಿ ಹೆಂಡತಿ, “ಸಿಕ್ಕಳಾ?” ಎಂದು ಕೇಳಿದರು. ಹುಡುಗಿ ಹೇಳಿದ್ದನ್ನು ಮೇಷ್ಟ್ರು ಒಂದಕ್ಷರ ಬಿಡದೆ ಹೇಳಿದರು. ಯಾವುದನ್ನೂ ಮೃದು ಮಾಡಲಿಲ್ಲ. ಆಕೆ ಚಾಕು ತಂದು ಬ್ರೆಡ್ಡು ಕೊಯ್ದು ಒಂದು ತುಂಡನ್ನು ಗಂಡನ ಮುಂದಿಟ್ಟರು.

“ತಿನ್ನಿ” ಎಂದರು. “ಮುಂದಿನ ವಾರಾನೂ ಅಲ್ಲಿಂದಲೇ ತನ್ನಿ. ಹೇಳಿದ್ದನ್ನೇ ಹೇಳ್ಬೇಡಿ. ಸುಮ್ಮನೆ ಹೋಗಿ ತನ್ನಿ.”

ಅಂದಿನಿಂದ ಪ್ರತಿ ಶನಿವಾರ ಅವರು ಬೇಕರಿಗೆ ಹೋದರು. ಹುಡುಗಿ ಕೆಲವು ವಾರ ಮಾತಾಡುತ್ತಿದ್ದಳು, ಕೋರ್ಸಿನ ವಿಷಯ, ಅಪ್ಪನ ಲಾರಿ ಕೆಟ್ಟು ನಿಂತದ್ದು. ಕೆಲವು ವಾರ ಚಿಲ್ಲರೆ ಎಣಿಸಿ ಕೊಟ್ಟು ಮುಂದಿನವರ ಕಡೆ ತಿರುಗುತ್ತಿದ್ದಳು. ಎರಡೂ ಬಗೆಯ ದಿನ ಮೇಷ್ಟ್ರು ಅವಳಿಗೆ ನಮಸ್ಕಾರ ಹೇಳಿ, ಬ್ರೆಡ್ಡು ಹಿಡಿದು, ನಡೆದುಕೊಂಡೇ ಮನೆಗೆ ಬರುತ್ತಿದ್ದರು.